ಹುಳುಮನೆಯ ಕಾರು

ನಮ್ಮ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕದಲ್ಲಿ ಮೂರು ಸೋಪುಗಳಿವೆ. ಒಂದು ಮೈಗೆ, ಅದರ ವಿಷಯದಲ್ಲಿ ಹೇಳುವಂಥದ್ದೇನೂ ಇಲ್ಲ. ಇನ್ನೊಂದು ಹುಳುಮನೆಗೆ ಹೋಗುವ ಮೊದಲು ಕೈಕಾಲು ತೊಳೆಯುವುದಕ್ಕೆ. ರೇಷ್ಮೆ ಹುಳುವಿಗೆ ದುರ್ವಾಸನೆಯಂತೆ ಸುವಾಸನೆಯೂ ಆಗಿಬರುವುದಿಲ್ಲವಾದ್ದರಿಂದ ಅದು ಯಾವ ವಾಸನೆಯೂ ಇಲ್ಲದ, ಯಾರೂ ಕದಿಯದ ಸೋಪು. ಮೂರನೆಯದು ಕೇವಲ ನನಗಾಗಿ ಇಟ್ಟಿರುವ ಬಟ್ಟೆ ಸೋಪಿನ ತುಂಡು. ಕಾರು ಮುಟ್ಟಿದ ಕೈಯನ್ನು ಮೊದಲು ಇದರಲ್ಲಿ, ಆಮೇಲೆ ಅದರಲ್ಲಿ ತೊಳೆದು, ನನ್ನ ಹೆಂಡತಿ ಸರೋಜಳ ಮೂಗಿನ ಮುಂದೆ ಚಾಚಿ, ಅವಳು ತಲೆಯಾಡಿಸಿದರೆ ಮಾತ್ರ ನನಗೆ ಒಳಗೆ ಪ್ರವೇಶ. ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳ ಉಗುರು ನೋಡಿ ಗದರಿಸಿದ ವಿಜ್ಞಾನದ ಮೇಷ್ಟ್ರಿಗೆ ನಿವೃತ್ತಿಯ ನಂತರ ಇಂಥ ತಪಾಸಣೆ ಕಾದಿರುತ್ತದೆ ಎಂದು ಪಿಂಚಣಿ ಕಾಗದದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಕಾರಿನ ಕತೆಯನ್ನು ಮೊದಲಿನಿಂದ ಹೇಳುತ್ತೇನೆ, ಬೇಸರಿಸಬೇಡಿ. ಲಕ್ಕೂರಿನಲ್ಲಿ ನೆಲೆಸಿರುವ ನಮ್ಮ ಹಳೆಯ ಹೆಡ್‌ಮಾಸ್ಟರರು ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಮೊದಲ ಸಲ ತಮ್ಮ ಕಾರನ್ನು ಸರಿಯಾಗಿ ನೋಡಿ, ಬೆಚ್ಚಿಬಿದ್ದು, ಅದನ್ನು ನನಗೆ ದಾಟಿಸಿದರು. ಕಾರ್ಬುರೇಟರು ಇದ್ದ ಕಾಲದ ಕಾರು. ಬಣ್ಣ ಒಂದಾನೊಂದು ಕಾಲದಲ್ಲಿ ಬಿಳಿ. ಅದು ಲಕ್ಕೂರಿನಿಂದ ಮಾಲೂರು ಹಾದು ಕ್ಯಾಲನೂರಿನ ಪಕ್ಕದ ನಮ್ಮ ಹಳ್ಳಿಯವರೆಗೆ ಬಂದದ್ದು ಟ್ರ್ಯಾಕ್ಟರಿನ ಹಿಂದೆ, ಹಗ್ಗದಲ್ಲಿ. ನಾನು ಸ್ಟೀರಿಂಗ್ ಹಿಡಿದು ಗಂಭೀರವಾಗಿ ಕುಳಿತಿದ್ದೆ. ದಾರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಕೈಮುಗಿದರು.

ನನಗೇಕೆ ಬೇಕಿತ್ತು ಈ ಉಸಾಬರಿ? ನಿಮಗೆ ನಿಜ ಹೇಳಿಬಿಡುತ್ತೇನೆ. ಚೂಷಣ, ಸಂಪೀಡನ, ಶಕ್ತಿ, ನಿಷ್ಕಾಸ ಎಂದು ಎಂಜಿನ್ನಿನ ನಾಲ್ಕು ಹೊಡೆತಗಳನ್ನು ಮೂವತ್ತು ವರ್ಷ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದವನು ನಾನು, ಆದರೆ ಒಂದು ದಿನವೂ ನಿಜವಾದ ಎಂಜಿನ್ನಿನ ಮುಚ್ಚಳ ತೆಗೆದವನಲ್ಲ. ಪಾಠ ನಿಜವೋ ಸುಳ್ಳೋ ಎಂಬ ಸಣ್ಣ ಅನುಮಾನ ನಿವೃತ್ತಿಯ ದಿನ ಹಾಕಿದ ಹಾರದ ಜೊತೆಗೇ ಮನೆಗೆ ಬಂದಿತ್ತು. ಇನ್ನೊಂದು ಆಸೆ ಅದಕ್ಕಿಂತ ಹಳೆಯದು. ಮದುವೆಯಾದ ಮಾರನೆಯ ದಿನ ಸರೋಜ ಮುಳಬಾಗಿಲಿನಿಂದ ನನ್ನ ಮನೆಗೆ ಬಂದದ್ದು ಬಸ್ಸಿನಲ್ಲಿ ನಿಂತುಕೊಂಡು, ಯಾರಿಂದಲೋ ಕಾಲುಂಗುರ ತುಳಿಸಿಕೊಂಡು. ನಾನೇ ರಿಪೇರಿ ಮಾಡಿದ ಕಾರಿನಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಬೇಕು, ಎಂಜಿನ್ನಿನ ಸದ್ದು ಕೇಳಿ ಅವಳು ಒಂದು ಒಳ್ಳೆಯ ಮಾತು ಆಡಬೇಕು. ಅಷ್ಟೇ. ಕೇಳುವುದಕ್ಕೆ ಅಲ್ಪ ಆಸೆ, ಆದರೆ ಸರೋಜಳ ಬಾಯಿಂದ ಒಳ್ಳೆಯ ಮಾತು ಹೊರಡುವುದು ಬೋರ್‌ವೆಲ್ಲಿನಲ್ಲಿ ನೀರು ಬಂದಷ್ಟೇ ಅಪರೂಪ ಎಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಕಾರು ನಿಲ್ಲಿಸುವ ಜಾಗ ಎಂದು ಬೇರೆ ಇಲ್ಲ. ಇರುವ ಒಂದೇ ದೊಡ್ಡ ಸೂರು ಹುಳುಮನೆ, ಅಂದರೆ ಸರೋಜ ರೇಷ್ಮೆ ಹುಳು ಸಾಕುವ ಎರಡಂಕಣದ ಕಟ್ಟಡ. ಒಂದು ಬೆಳೆ ಮುಗಿದು ಇನ್ನೊಂದು ಬೆಳೆಗೆ ಹುಳು ಬರುವವರೆಗೆ ಅದು ಕೆಲವು ದಿನ ಖಾಲಿ ಇರುತ್ತದೆ. ಆ ಸಂದಿನಲ್ಲಿ ನಾನು ಕಾರನ್ನು ಹೊರಗಿನ ಅಂಕಣಕ್ಕೆ ನುಗ್ಗಿಸಿ, ಒಂದೇ ವಾರದಲ್ಲಿ ಮತ್ತೆ ಜೋಡಿಸಲಾಗದಷ್ಟು ಬಿಚ್ಚಿಹಾಕಿದೆ. ಬಿಚ್ಚುವುದು ಎಷ್ಟು ಸುಲಭ ಎಂಬುದು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಅಷ್ಟರಲ್ಲಿ ಎರಡು ಜ್ವರ ದಾಟಿದ ಹುಳುಗಳು ಬಂದೇ ಬಿಟ್ಟವು. ಹುಳು ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಕೂತು ಹಳೆಯ ಚರ್ಮ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ, ಅಂಥವು ನಾಲ್ಕು. ಸರೋಜ ಎರಡು ಅಂಕಣಗಳ ನಡುವಿನ ಬಾಗಿಲಿಗೆ ಒದ್ದೆ ಗೋಣಿಯ ಪರದೆ ಇಳಿಬಿಟ್ಟು ತೀರ್ಪು ಕೊಟ್ಟಳು.

"ನಾಲ್ಕನೇ ಜ್ವರ ಎದ್ದ ಮೇಲೆ ಹುಳಕ್ಕೆ ಎರಡೂ ಅಂಕಣ ಬೇಕು. ಅಷ್ಟರಲ್ಲಿ ಈ ಕಾರು ತಾನಾಗೇ ಹೊರಗೆ ಹೋಗ್ಬೇಕು. ತಳ್ಳಿಸ್ಕೊಂಡು ಹೋದ್ರೆ ನೆಟ್ಟಗೆ ಗುಜರಿಗೆ ಹೋಗ್ಲಿ, ನಾನೇನೂ ಅನ್ನಲ್ಲ."

ಏನೂ ಅನ್ನುವುದಿಲ್ಲ ಎಂದು ಅವಳು ಹೇಳಿದರೆ ಅದು ಕೊನೆಯ ಮಾತು ಎಂದು ಅರ್ಥ.

ನಾನು ನಂಗಲಿಗೆ ಓಡಿದೆ. ಅಲ್ಲಿ ಹೆದ್ದಾರಿಯ ಬದಿಯಲ್ಲಿ ಆಯುಷ್ಯವೆಲ್ಲ ಲಾರಿಗಳ ಕೆಳಗೆ ಅಂಗಾತ ಮಲಗಿ ಕಳೆದ ಚೆಂಗಲರಾಯಪ್ಪ ಎಂಬ ಮೆಕ್ಯಾನಿಕ್ ಇದ್ದಾನೆ. ಅರ್ಧ ತೆಲುಗು, ಅರ್ಧ ಕನ್ನಡ, ಉಳಿದದ್ದು ಕೆಮ್ಮು. ಮೀಟರು ಗೀಟರುಗಳಲ್ಲಿ ಅವನಿಗೆ ನಂಬಿಕೆಯಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಕೊಟ್ಟು, ಕಣ್ಣುಮುಚ್ಚಿ ಕೇಳುತ್ತಾನೆ. ನಾನು ಮಕ್ಕಳಿಗೆ ಘನವಸ್ತುವಿನಲ್ಲಿ ಶಬ್ದದ ವೇಗ ಹೆಚ್ಚು ಎಂದು ಹೇಳಿಕೊಟ್ಟು ಅಂಕ ಕೊಟ್ಟೆ. ಇವನು ಅದರಲ್ಲಿ ಅನ್ನ ತಿಂದ. ನಮ್ಮ ಕಾರನ್ನು ಸುತ್ತುಹಾಕಿ ನೋಡಿ ಅವನು ಕೇಳಿದ ಮೊದಲ ಪ್ರಶ್ನೆ, "ಲೋಡು ಎಷ್ಟು ಸಾಮಿ?"

"ಲೋಡು ಎಲ್ಲಿಂದ ಬಂತಪ್ಪ, ನಾನು, ನನ್ನ ಹೆಂಡತಿ."

"ಏಮಿ ಕಾದು," ಎಂದ, ಏನೂ ಆಗೋದಿಲ್ಲ ಎಂಬ ಧೈರ್ಯದಲ್ಲಿ. "ಲೋಡ್ ಎಳೆಯೋ ಹಂಗೇ ಮಾಡ್ತೀನಿ. ಇವತ್ತಲ್ಲ ನಾಳೆ ಬೇಕಾಗ್ತೈತೆ."

ಹೀಗೆ ನಮ್ಮ ಪುಟ್ಟ ಕಾರಿನ ಉದ್ಧಾರ ಲಾರಿಯ ಶಾಸ್ತ್ರದ ಪ್ರಕಾರ ಆರಂಭವಾಯಿತು. ಹಿಂದೆ ಗಟ್ಟಿ ಸ್ಪ್ರಿಂಗುಗಳು ಬಂದವು. ಕಿಡಿ ಹುಟ್ಟಿಸಲು ಹೋಗಿ ಪದೇ ಪದೇ ಸುಟ್ಟುಹೋಗುತ್ತಿದ್ದ ಪಾಯಿಂಟುಗಳ ಜಾಗದಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು. ಅವನ ಪ್ರೀತಿಯ ಕಾಣಿಕೆಯಾಗಿ ಒಂದು ಲಾರಿ ಹಾರ್ನೂ ಬಂತು. ಅದನ್ನು ಒಮ್ಮೆ ಒತ್ತಿದ್ದಕ್ಕೆ ಗೋಣಿಯ ಪರದೆಯ ಆಚೆಯಿಂದ ಸರೋಜ ಬಂದು ವೈರನ್ನು ಕಿತ್ತು ಸೆರಗಿಗೆ ಕಟ್ಟಿಕೊಂಡು ಹೋದಳು. ಎಂಜಿನ್ನಿನ ಹೊಗೆ ಹುಳುವಿಗೆ ತಾಗದಿರಲೆಂದು, ಬೋರ್‌ವೆಲ್ಲಿಗೆ ತಂದು ಉಳಿದಿದ್ದ ಪೈಪನ್ನು ಸೈಲೆನ್ಸರಿಗೆ ಕಟ್ಟಿ ಕಿಟಕಿಯಿಂದಾಚೆ ಬೇಲಿಯವರೆಗೆ ಹಾಯಿಸಿದೆವು. ಆದರೆ ಹೊಗೆ ಬರಬೇಕಾದರೆ ಮೊದಲು ಎಂಜಿನ್ನು ಎದ್ದೇಳಬೇಕಲ್ಲ.

ಉಳಿದದ್ದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರು. ಚೆಂಗಲರಾಯಪ್ಪ ಅದನ್ನು ಬಿಚ್ಚಿ, ತೊಳೆದು, ಒಣಗಲಿಕ್ಕೆ ಇಟ್ಟು, ಯಾವುದೋ ಲಾರಿಯ ಕರೆ ಬಂದು ಎರಡು ದಿನ ಊರಿಗೆ ಹೋದ. ಗೋಧಿಕಾಳಿನ ಗಾತ್ರದ ಅದರ ಬಿಡಿಭಾಗಗಳು ಉರುಳಿಹೋಗದಂತೆ ಇಡುವುದಕ್ಕೆ ಪ್ರಶಸ್ತವಾದ ಪಾತ್ರೆ ಯಾವುದು ಹೇಳಿ? ಅಂಚು ಎತ್ತರವಿರುವ, ಹಳೆಯ ಪೇಪರು ಹಾಸಿದ ಬಿದಿರಿನ ತಟ್ಟೆ. ನಮ್ಮ ಮನೆಯಲ್ಲಿ ಅಂಥವು ಬೇಕಾದಷ್ಟು. ಎಳೆಯ ಹುಳುಗಳನ್ನು ಇಡುವುದೂ ಅವುಗಳಲ್ಲೇ. ಗಾಳಿ ಆಡಲಿ ಎಂದು ನಾನು ಆ ತಟ್ಟೆಯನ್ನು ಪರದೆಯ ಪಕ್ಕದಲ್ಲಿದ್ದ ಹುಳುತಟ್ಟೆಗಳ ಸ್ಟ್ಯಾಂಡಿನ ಮೇಲೆ, ಕೊನೆಯ ಸಾಲಿನಲ್ಲಿ ಇಟ್ಟೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡು ಊಟಕ್ಕೆ ಹೋದೆ.

ಈಗ ನಮ್ಮ ಅತ್ತೆಯವರನ್ನು ನಿಮಗೆ ಪರಿಚಯಿಸಬೇಕು. ಸರೋಜಳ ತಾಯಿ, ನಮ್ಮ ಜೊತೆಗೇ ಇದ್ದಾರೆ, ಹುಳುವಿನ ವಿಷಯದಲ್ಲಿ ಅವರದೇ ಕೊನೆಯ ಮಾತು. ಹಳೆಯ ಕಾಲದ ಮರ್ಯಾದೆಯವರಾದ್ದರಿಂದ ಅಳಿಯನಾದ ನನ್ನೊಡನೆ ಈವರೆಗೆ ನೇರವಾಗಿ ಮಾತಾಡಿಲ್ಲ. ಹೇಳುವುದನ್ನು ಬಾಗಿಲಿಗೋ ಕಂಬಕ್ಕೋ ಹೇಳುತ್ತಾರೆ, ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತೇನೆ. ಆ ದಿನ ಹುಳು ಮೂರನೇ ಜ್ವರಕ್ಕೆ ಕೂತಿದ್ದವು. ಜ್ವರಕ್ಕೆ ಕೂತ ಹುಳುವಿನ ಮೇಲೆ, ತೇವ ಎಳೆದುಕೊಳ್ಳಲಿ ಎಂದು, ತೆಳು ಬಟ್ಟೆಯಲ್ಲಿ ಕಟ್ಟಿದ ಸುಣ್ಣದ ಪುಡಿಯನ್ನು ಉದುರಿಸುವುದು ವಾಡಿಕೆ. ಕಣ್ಣು ಅಷ್ಟಕ್ಕಷ್ಟೇ ಆದರೂ ಕೈ ತಪ್ಪದ ಅತ್ತೆಯವರು ಮೊದಲ ತಟ್ಟೆಯಿಂದ ಹಿಡಿದು ಕೊನೆಯ ತಟ್ಟೆಯವರೆಗೆ ಸಮನಾಗಿ, ಭೇದಭಾವವಿಲ್ಲದೆ, ಸುಣ್ಣ ಉದುರಿಸಿದರು.

ಮಾರನೆಯ ದಿನ ಬಿಡಿಭಾಗಗಳ ಮೇಲೆ ಬಿಳಿಯ ಪುಡಿ ಕಂಡಾಗ ವಿಜ್ಞಾನದ ಮೇಷ್ಟ್ರು ಏನೆಂದುಕೊಂಡರು ಗೊತ್ತೇ? ಇದು ತುಕ್ಕು ಹಿಡಿಯದಿರಲೆಂದು ಚೆಂಗಲರಾಯಪ್ಪ ತೊಳೆಯುವಾಗ ಹಾಕಿದ ಯಾವುದೋ ಔಷಧಿ, ಒಣಗಿದ ಮೇಲೆ ಬೆಳ್ಳಗೆ ಕಂಡಿದೆ ಎಂದು. ತೆಗೆಯುವುದು ತಪ್ಪಾದೀತೆಂದು ಹೆದರಿ, ಇದ್ದ ಪುಡಿಯ ಸಮೇತ, ಎಂಜಿನ್ನಿನ ಪುಸ್ತಕದ ಚಿತ್ರ ನೋಡಿಕೊಂಡು ನಾನೇ ಭಕ್ತಿಯಿಂದ ಜೋಡಿಸಿದೆ. ಕಾರು ಕೆಮ್ಮಿತು. ಸೀನಿತು. ಒಮ್ಮೆ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಎರಡು ದಿನ ನಾನು ಅದರ ಮುಂದೆ ಕೂತು ಚೂಷಣ, ಸಂಪೀಡನ ಎಂದು ಬೆರಳು ಮಡಚಿದೆ. ಆಚೆ ಅಂಕಣದಲ್ಲಿ ಹುಳುಗಳು ಮೂರನೇ ಜ್ವರ ಎದ್ದು, ಮಳೆ ಸುರಿದಂತೆ ಸದ್ದು ಮಾಡುತ್ತ ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದವು. ಮೇಯುವ ಸದ್ದು ಹೆಚ್ಚಿದಷ್ಟೂ ನನ್ನ ದಿನಗಳು ಕಡಿಮೆಯಾಗುತ್ತಿದ್ದವು. ನಗಬೇಡಿ. ಗುಜರಿಯವನು ತೂಕಕ್ಕೆ ಹಾಕುವುದು ಬರೀ ಕಾರನ್ನಲ್ಲ, ನನ್ನ ಮೂವತ್ತು ವರ್ಷದ ಪಾಠವನ್ನೂ ಎಂದು ಅನ್ನಿಸತೊಡಗಿತ್ತು.

ಚೆಂಗಲರಾಯಪ್ಪ ಬಂದು ಕಾರ್ಬುರೇಟರು ಬಿಚ್ಚಿ, ಬೆರಳಲ್ಲಿ ಬಳಿದು, ನಾಲಗೆಗೆ ಮುಟ್ಟಿಸಿ ನೋಡಿದ.

"ಸುಣ್ಣ ಹಾಕಿದೀರ. ಎಲೆ ಅಡಿಕೆ ಯಾಕ್ ಬಿಟ್ರಿ ಸಾಮಿ?"

ವಿಚಾರಣೆ ನಡೆಯಿತು. ಅತ್ತೆಯವರು ಬಾಗಿಲಿಗೆ ಹೇಳಿದರು: "ಜ್ವರಕ್ಕೆ ಕೂತಿರೋವಕ್ಕೆ ಸುಣ್ಣ ಹಾಕ್ಬೇಕು, ಹಾಕ್ದೆ. ತಟ್ಟೇಲಿ ಅಲ್ಲಾಡ್ದೆ ಬಿದ್ದಿತ್ತು, ಜ್ವರ ಅಂದ್ಕೊಂಡೆ. ಅದು ಹುಳ ಅಲ್ಲ, ಕಾರು ಅಂತ ನಂಗೇನು ಗೊತ್ತು?"

ನಾನು ಬಾಗಿಲಿನ ಪಕ್ಕದಿಂದ ಸರಿದು, ಒಂದೊಂದೇ ಭಾಗದ ಸುಣ್ಣ ತೊಳೆದು ಚೆಂಗಲರಾಯಪ್ಪನ ಕೈಗೆ ಕೊಡತೊಡಗಿದೆ.

ನಾಲ್ಕನೇ ಜ್ವರ ಎದ್ದ ದಿನ ಬೆಳಗ್ಗೆ ಸರೋಜ ಸೊಪ್ಪಿನ ಹೊರೆ ಇಳಿಸಿ, ಕೈ ಕಟ್ಟಿಕೊಂಡು ಅಂಗಳದಲ್ಲಿ ನಿಂತಳು. ಚೆಂಗಲರಾಯಪ್ಪ ಸ್ಕ್ರೂಡ್ರೈವರಿಗೆ ಕಿವಿಗೊಟ್ಟು, ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತು ಹಿಂದೆ, ಅರೆಕಾಲು ಸುತ್ತು ಮುಂದೆ ತಿರುಗಿಸಿ, ತಂಬೂರಿ ಶ್ರುತಿ ಮಾಡುವವನಂತೆ ಕಣ್ಣುಮುಚ್ಚಿದ. ನಾನು ಕೀಲಿ ತಿರುಗಿಸಿದೆ. ಅದು ಎದ್ದಿತು. ಲಾರಿಯ ಗಾಂಭೀರ್ಯದಲ್ಲಿ ಎದ್ದಿತು. ಪೈಪು ಕಳಚಿದೆವು, ಗೇರು ಹಾಕಿದೆ, ಕಾರು ಗೌರವದಿಂದ ಮುಂದೆ ಸರಿದು, ಮುಂದಿನ ಚಕ್ರಗಳು ಹೊಸಿಲು ದಾಟಿದ ಕೂಡಲೇ ಪಟ್ಟನೆ ನಿಂತುಹೋಯಿತು. ನಾನೇ ಗಾಬರಿಯಲ್ಲಿ ಕ್ಲಚ್ ಬಿಟ್ಟಿದ್ದೆ. ಅರ್ಧ ಒಳಗೆ, ಅರ್ಧ ಹೊರಗೆ. ಇದನ್ನು ಹೊರಗೆ ಹೋದದ್ದೆಂದು ಹಿಡಿಯಬೇಕೋ ಬೇಡವೋ? ಸರೋಜ ಬಾಯಿ ತೆರೆದಳು. ಅಷ್ಟರಲ್ಲಿ ಊರಿನ ಅರ್ಧದಷ್ಟು ಮಕ್ಕಳ ಹೆರಿಗೆ ಮಾಡಿಸಿದ ಅತ್ತೆಯವರು ಕಂಬಕ್ಕೆ ಹೇಳಿದರು: "ತಲೆ ಆಚೆ ಬಂದ್ಮೇಲೆ ಆದಂಗೇ ಲೆಕ್ಕ. ಮಿಕ್ಕಿದ್ದು ಬರ್ತದೆ, ಬಿಡೇ ಸರೋಜಿ."

ಮಿಕ್ಕಿದ್ದು ಬಂತು. ಕಾರು ಹೊಂಗೆಮರದ ಕೆಳಗೆ ಹೋಗಿ ನಿಂತಿತು. ನಾನು ಸರೋಜಳ ಕಡೆ ನೋಡಿದೆ. ಅವಳು, "ನೆಲದ ಮೇಲೆ ಆಯಿಲ್ ಬಿದ್ದಿದೆ, ತೊಳೀರಿ," ಎಂದು ಒಳಗೆ ಹೋದಳು.

ಹುಳು ಹಣ್ಣಾದವು, ಗೂಡು ಕಟ್ಟಿದವು. ಕೋಲಾರದ ಗೂಡಿನ ಮಾರುಕಟ್ಟೆಗೆ ಸಾಗಿಸುವ ದಿನ, ಯಾವಾಗಲೂ ಬರುತ್ತಿದ್ದ ಆಟೋದವನು ಮದುವೆಯ ಬಾಡಿಗೆ ಹಿಡಿದು ಕೈಕೊಟ್ಟ. ಗೂಡು ಕಾಯುವುದಿಲ್ಲ, ತಡವಾದರೆ ಒಳಗಿನ ಚಿಟ್ಟೆ ಕೊರೆದು ಹೊರಬರುತ್ತದೆ. ಸರೋಜ ಹೊಂಗೆಮರದ ಕಡೆ ನೋಡಿದಳು. ನಾನು ಶರ್ಟು ಬದಲಾಯಿಸಿ, ತಲೆ ಬಾಚಿಕೊಂಡು ಬರುವಷ್ಟರಲ್ಲಿ ಹಿಂದಿನ ಸೀಟು ಜಗುಲಿಯ ಮೇಲಿತ್ತು, ಕಾರಿನ ಸೂರಿನವರೆಗೆ ಗೂಡಿನ ಚೀಲಗಳಿದ್ದವು. ಮುಂದಿನ ಸೀಟಿನಲ್ಲಿಯೂ ಒಂದು ಚೀಲ ನನ್ನ ಪಕ್ಕದಲ್ಲಿ ನೆಟ್ಟಗೆ ಕೂತಿತ್ತು.

"ನೀನು?" ಎಂದೆ.

"ನಾನು ಕೂತ್ರೆ ಗೂಡು ನಜ್ಜಾಗುತ್ತೆ. ಬಸ್ಸಲ್ಲಿ ಬರ್ತೀನಿ. ಕಿಟಕಿ ತೆಗೆದಿರಿ, ಗೂಡು ಬೆವರ್ತವೆ."

ಹೀಗೆ ನನ್ನ ಚೊಚ್ಚಲ ಸವಾರಿ ಚೀಲದ ಜೊತೆ ಆಯಿತು. ಅರ್ಧ ದಾರಿಯಲ್ಲಿ ಬಸ್ಸು ನನ್ನನ್ನು ದಾಟಿತು. ಕಿಟಕಿಯ ಬಳಿ ಕಂಬಿ ಹಿಡಿದು ನಿಂತಿದ್ದ ಸರೋಜ ಕಾರಿನತ್ತ ನೋಡಲಿಲ್ಲ, ಚೀಲಗಳನ್ನು ಎಣಿಸಿದಳು. ಮಾರುಕಟ್ಟೆಯಲ್ಲಿ ಒಬ್ಬ ನೂಲು ಬಿಚ್ಚುವವನು ನಮ್ಮ ಗೂಡೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ತಲೆದೂಗಿ, ಎಲ್ಲವನ್ನೂ ಕೊಂಡ. ಕಿವಿಯಿಂದ ಕೆಲಸ ಮಾಡುವವರ ಮೇಲೆ ನನಗೆ ಈಚೆಗೆ ಗೌರವ ಹೆಚ್ಚಾಗಿದೆ.

ವಾಪಸು ಬರುವಾಗ ಸರೋಜ ಮುಂದಿನ ಸೀಟಿನಲ್ಲಿ ಕೂತಳು. ಕೋಲಾರ ದಾಟಿದ ಮೇಲೆ ನಾನು ಗಂಟಲು ಸರಿಪಡಿಸಿಕೊಂಡು, "ಸದ್ದು ಕೇಳು ಸರೋಜ, ನಾಲ್ಕೂ ಸಿಲಿಂಡರು ಒಂದೇ ಸಮ ಹೊಡೀತಿದೆ. ಮೊದಲು ಹೀಗಿರಲಿಲ್ಲ. ಅದು ಯಾಕೆ ಅಂದ್ರೆ," ಎಂದು ಪಾಠ ಶುರುಮಾಡಿದೆ. ತಿರುಗಿ ನೋಡಿದರೆ ತಲೆಯನ್ನು ಬಾಗಿಲಿಗೆ ಆನಿಸಿ ನಿದ್ದೆ ಹೋಗಿದ್ದಳು. ಮೂರು ವಾರಗಳಿಂದ ಹುಳುವಿನ ಹಸಿವಿಗೆ ತಕ್ಕಂತೆ ಎದ್ದು ಬಿದ್ದು ಓಡಾಡಿದವಳು, ನೆಟ್ಟಗೆ ಎರಡು ತಾಸು ಕಣ್ಣು ಮುಚ್ಚಿರಲಿಲ್ಲ. ನಾನು ಗುಂಡಿಗಳನ್ನು ತಪ್ಪಿಸಿದೆ, ಹಂಪುಗಳ ಬಳಿ ಉಸಿರು ಹಿಡಿದೆ. ಎಂಜಿನ್ನು ಒಮ್ಮೆಯೂ ಜಗ್ಗಲಿಲ್ಲ, ಕೆಮ್ಮಲಿಲ್ಲ. ಒಂದು ಸಣ್ಣ ಜಗ್ಗು ಸಾಕಿತ್ತು, ಅವಳು ಎಚ್ಚರಗೊಳ್ಳುತ್ತಿದ್ದಳು. ನನಗೆ ಆಗ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ, ಕಣ್ಣು ಮಂಜಾಗಿ ವೈಪರ್ ಹಾಕಬೇಕೆನ್ನಿಸಿತು.

ನಮ್ಮ ಊರಿನ ತಿರುವು ಬಂತು. ತಿರುಗಿಸಿದರೆ ಗೇರು ಇಳಿಸಬೇಕು, ಆಮೇಲೆ ಕಲ್ಲುಹಾದಿ, ಮನೆ, ತೊಳೆಯದೆ ಬಿಟ್ಟುಬಂದ ಹುಳುಮನೆ. ನಾನು ತಿರುಗಿಸಲಿಲ್ಲ. ಎರಡು ಹಳ್ಳಿ ಹಿಂದೆ ಬಿದ್ದಮೇಲೆ ಅವಳು ಕಣ್ಣು ತೆರೆಯದೆಯೇ, "ಊರು ಬಂತಾ?" ಎಂದಳು.

"ಇನ್ನೂ ದೂರ ಇದೆ," ಎಂದೆ. "ಮಲಕ್ಕೋ."