ವಕೀಲರ ಮೋಟಾರಿನ ಚೀರಾಟ

1943ರಲ್ಲಿ ನಾನು ವಾಡಿ ಸ್ಟೇಷನ್ನಿನ ಹತ್ತಿರ ಒಂದು ಮೋಟಾರ್ ವರ್ಕ್‌ಶಾಪಿನಲ್ಲಿ ಹೆಡ್ ಮಿಸ್ತ್ರಿಯಾಗಿದ್ದೆ. ಇಪ್ಪತ್ತೇಳರ ವಯಸ್ಸು. ಸಿಕಂದರಾಬಾದಿನಲ್ಲಿ ಆರು ವರ್ಷ ಕೆಲಸ ಕಲಿತು ಬಂದಿದ್ದೆ. ಶಹಾಬಾದಿನಿಂದ ಚಿಂಚೋಳಿಯವರೆಗೆ ನನ್ನಷ್ಟು ಬಲ್ಲವನಿಲ್ಲ ಎಂದು ಜನ ಹೇಳುತ್ತಿದ್ದರು. ಅದನ್ನು ನಾನೂ ನಂಬಿಬಿಟ್ಟಿದ್ದೆ, ಕೆಟ್ಟದ್ದು ಅದೇ.

ಬೇಸಿಗೆಯ ಒಂದು ಸೋಮವಾರ ಸೇಡಂನ ವಕೀಲರೊಬ್ಬರು ತಮ್ಮ ಮೋಟಾರು ತಂದರು. ಓಡಿಸುತ್ತಿದ್ದವನು ಹಣಮಂತಪ್ಪ, ಐವತ್ತು ದಾಟಿದವನು. ಕೊಡ್ಲಿಯ ಈ ಮನುಷ್ಯ ಮೊದಲು ವಕೀಲರ ಎತ್ತಿನ ಗಾಡಿ ಹೊಡೆಯುತ್ತಿದ್ದ. ಅವರು ಮೋಟಾರು ಕೊಂಡಾಗ ಅವನೇ ಡ್ರೈವರ್ ಆದ. ಡ್ರೈವರಾಗಿಯೇ ಹನ್ನೊಂದು ವರ್ಷದ ಚಾಕರಿ. ಗಂಡ ಹೆಂಡತಿ ಇಬ್ಬರೂ ವಕೀಲರ ವಾಡೆಯ ಹಿಂದಿನ ಕೋಣೆಯಲ್ಲೇ ವಾಸ.

ದೂರು ಇಷ್ಟೇ: ಆಕ್ಸಿಲರೇಟರ್ ಒತ್ತಿದೊಡನೆ ಮೋಟಾರು ಸಣ್ಣ ದನಿಯಲ್ಲಿ ಚೀರುತ್ತದೆ, ವೇಗ ಹೆಚ್ಚಿದಂತೆ ಚೀರಾಟವೂ ಹೆಚ್ಚುತ್ತದೆ.

"ಇವನೇ ಕೆಡಿಸ್ಯಾನಂತ ನನಗ ಸಂಶಯ ಅದ," ಎಂದರು ವಕೀಲರು. "ನೀವು ಹೌದಂದ್ರ ಇವತ್ತೇ ಮನೀಗಿ ಕಳಸ್ತೀನಿ."

ಹಣಮಂತಪ್ಪ ಟೋಪಿ ಕೈಯಲ್ಲಿ ಹಿಡಿದು ನನ್ನ ಮುಂದೆ ಬಂದ. "ಮಿಸ್ತ್ರಿಸಾಬ್, ಮುಂದಿನ ಬಾಜೂಕ ಚೀರ್ತದ್ರಿ. ನೀರೂ ಭಾಳ ಕುದಿಲಿಕತ್ತಾವ್ರಿ..."

"ನೀ ಗಾಡಿ ಹೊಡಿಯಾಂವ. ನಿನಗೇನ್ ತಿಳೀತದ? ಸುಮ್ಮ ನಿಂದ್ರು!" ಎಂದೆ. ನನ್ನ ಅಪ್ಪನ ವಯಸ್ಸಿನವನಿಗೆ!

ಮೋಟಾರನ್ನು ಒಂದು ಫರ್ಲಾಂಗು ಓಡಿಸಿದೆ, ಅಷ್ಟೇ. ಗೇರ್‌ಬಾಕ್ಸ್ ಎಂದರೆ ಇಂಜಿನ್ನಿನ ಓಟವನ್ನು ಚಕ್ರಗಳಿಗೆ ದಾಟಿಸುವ ಹಲ್ಲುಗಾಲಿಗಳ ಪೆಟ್ಟಿಗೆ. ಹಲ್ಲು ಸವೆದಾಗ ಅದೂ ಹೀಗೇ ಸಣ್ಣಗೆ ಕೂಗುತ್ತದೆ. "ಗೇರಿನ ಹಲ್ಲು ಹೋಗ್ಯಾವ್ರಿ ವಕೀಲರೆ. ಓಡಿಸೋರ ಕೈ ಒರಟು," ಎಂದುಬಿಟ್ಟೆ. ಅಂದು ಸಂಜೆಯೇ ಹಣಮಂತಪ್ಪನ ಕೆಲಸ ಹೋಯಿತು, ಕೋಣೆಯೂ ಹೋಯಿತು.

ಗೇರ್‌ಬಾಕ್ಸ್ ಇಳಿಸಿ ಬಿಚ್ಚಲು ಎರಡು ದಿನ ಹಿಡಿಯಿತು. ಒಂದೊಂದೇ ಗಾಲಿಯನ್ನು ತೊಳೆದು ಬೆಳಕಿಗೆ ಹಿಡಿದೆ. ಎಲ್ಲಿಯ ಸವಕಲು? ಹಲ್ಲುಗಳೆಲ್ಲ ನೆಟ್ಟಗಿದ್ದವು. ಹನ್ನೊಂದು ವರ್ಷ ಇಷ್ಟು ನಾಜೂಕಾಗಿ ಗೇರು ಬದಲಿಸಿದವನನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮೂರನೆಯ ದಿನ ಎಲ್ಲ ಜೋಡಿಸಿ, ಮೋಟಾರನ್ನು ನಿಲ್ಲಿಸಿಕೊಂಡೇ ಆಕ್ಸಿಲರೇಟರ್ ಒತ್ತಿದೆ. ಅದೇ ಚೀರಾಟ, ಮುಂದಿನಿಂದ. ಬಾನೆಟ್ ಎತ್ತಿ ಫ್ಯಾನ್ ಬೆಲ್ಟ್ ಕಳಚಿದೆ. ಇಂಜಿನ್ನಿನ ಮುಂದೆ ಸುತ್ತುತ್ತ ಫ್ಯಾನು, ನೀರಿನ ಪಂಪು, ಡೈನಮೊಗಳನ್ನು ತಿರುಗಿಸುವ ಪಟ್ಟಿ ಅದು. ಬೆಲ್ಟಿಲ್ಲದೆ ಅರೆ ನಿಮಿಷ ಇಂಜಿನ್ ಓಡಿಸಿದೆ. ಚೀರಾಟ ಪೂರ್ತಿ ನಿಂತಿತು. ಮೊದಲ ದಿನವೇ ಮಾಡಬೇಕಿದ್ದ ಪರೀಕ್ಷೆ, ಹತ್ತು ನಿಮಿಷದ ಕೆಲಸ.

ಬೆಲ್ಟಿನ ತುಂಬ ಕಪ್ಪು ಜಿಡ್ಡು. ಮೂಸಿದೆ. ನಮ್ಮ ಅಪ್ಪನ ಗಾಡಿಯ ವಾಸನೆ! ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಗಾಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆ ಅದು. ಡ್ರೈವರ್ ಸೀಟಿನ ಕೆಳಗೆ ಅದನ್ನು ತುಂಬಿದ ಬಿದಿರಿನ ಗೊಟ್ಟವೂ ಸಿಕ್ಕಿತು. ಬೆಲ್ಟು ತುಸು ಸಡಿಲಾಗಿ ಮೊದಲ ಸಲ ಕೀರಲಿಟ್ಟಾಗ, ಗಾಡಿ ಹೊಡೆಯುವವರೆಲ್ಲ ಮಾಡುವುದನ್ನೇ ಹಣಮಂತಪ್ಪ ಮಾಡಿದ್ದ. ಎಣ್ಣೆ ಬಿದ್ದ ಬೆಲ್ಟು ಇನ್ನಷ್ಟು ಜಾರಿತು, ಇನ್ನಷ್ಟು ಚೀರಿತು. ಅವನು ಇನ್ನಷ್ಟು ಹಚ್ಚಿದ. ಪಂಪು ಸರಿಯಾಗಿ ತಿರುಗದೆ, ಇಂಜಿನ್ನನ್ನು ತಂಪಾಗಿಡುವ ನೀರು ಕುದಿಯುತ್ತಿತ್ತು. ಅವನು ಹೇಳಿದ ಎರಡು ಮಾತೂ ನಿಜವಾಗಿದ್ದವು.

ಯುದ್ಧದ ಕಾಲ, ಹೊಸ ಬೆಲ್ಟು ಎಲ್ಲಿಂದ ತರುವುದು? ಅದನ್ನೇ ಸೋಪು ನೀರಿನಲ್ಲಿ ನಾಲ್ಕು ಸಲ ತೊಳೆದು, ಒಣಗಿಸಿ, ಬೆಲ್ಟು ಸುತ್ತುವ ಪುಲ್ಲಿಗಳ ಜಿಡ್ಡು ಒರೆಸಿ, ಬಿಗಿ ಮಾಡಿ ಕೂಡಿಸಿದೆ. ಮೋಟಾರು ಸುಮ್ಮನಾಯಿತು.

ಸೇಡಂಗೆ ಹೋಗಿ ವಕೀಲರ ಮುಂದೆ ನಿಂತೆ. "ತಪ್ಪು ನಂದ್ರಿ. ಅವರ ಕೈ ಬಂಗಾರದಂಥಾದ್ದು. ಬೆಲ್ಟಿಗೆ ಎಣ್ಣಿ ಹಚ್ಚಬಾರದಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ." ಅವರು, "ಮೋಟಾರ್ ಒಯ್ದು ಕರ್ಕೊಂಡು ಬರ್ರಿ," ಎಂದರು.

ಕೊಡ್ಲಿಯಲ್ಲಿ ಹಣಮಂತಪ್ಪ ತಮ್ಮನ ಮನೆಯ ಮುಂದೆ ಗಾಡಿಯ ನೊಗಕ್ಕೆ ಹಗ್ಗ ಬಿಗಿಯುತ್ತಿದ್ದ. ಮೋಟಾರಿನ ಸದ್ದಿಗೆ ತಲೆ ಎತ್ತಿದ, ಹತ್ತಿರ ಬಂದು ಬಾನೆಟ್ ಮೇಲೆ ಕೈಯಿಟ್ಟ.

"ಈಗ ಚೀರಂಗಿಲ್ಲೇನ್ರಿ?"

"ಇಲ್ಲ ಕಾಕಾ. ನಂದು ತಪ್ಪಾಗ್ಯಾದ. ವಕೀಲರು ಕರದಾರ, ಬರ್ರಿ." ಬೆಲ್ಟಿನ ಸಂಗತಿಯನ್ನೆಲ್ಲ ಹೇಳಿದೆ. ಅವನ ಮುಖ ಸಣ್ಣದಾಯಿತು.

"ನಾನೇ ಅದಕ್ಕ ತ್ರಾಸು ಕೊಟ್ಟಂಗಾತು," ಎಂದ. ಆಮೇಲೆ ನಿಧಾನವಾಗಿ, "ಬರಂಗಿಲ್ರಿ. ಹನ್ನೊಂದು ವರ್ಷ ಅವರ ಜೀವ ನನ್ನ ಕೈಯಾಗ ಇತ್ತು. ಅವರು ನಿಮ್ಮನ್ನ ಕೇಳಿದ್ರು, ನನ್ನ ಕೇಳ್ಲಿಲ್ಲ. ನೀವೂ ಕೇಳ್ಲಿಲ್ಲ."

ನನಗೆ ಅಳು ಬಂತು, ನಾಚಿಕೆಯಿಂದ. ಎಷ್ಟು ಬೇಡಿದರೂ ಅವನು ಒಪ್ಪಲಿಲ್ಲ. ನಾನು ಮೋಟಾರು ಹತ್ತುವಾಗ ಮಾತ್ರ ಬಾಗಿಲ ಹತ್ತಿರ ಬಂದು, "ಹೊಸಾ ಡ್ರೈವರಿಗಿ ಹೇಳ್ರಿ, ಬ್ರೇಕ್ ಒತ್ತಿದ್ರ ಎಡಕ್ಕ ಎಳೀತದ. ಹೊಳಿ ಇಳಿಯುವಾಗ ಜ್ವಾಕಿ," ಎಂದ.

ಕಾಗಿಣಾ ಹೊಳೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ಮೋಟಾರು ಎಡಕ್ಕೆ ಎಳೆಯಿತು. ನಾಲ್ಕು ದಿನ ನನ್ನ ಕೈಯಲ್ಲೇ ಇದ್ದ ಮೋಟಾರು. ನನಗೆ ಅದು ಗೊತ್ತೇ ಆಗಿರಲಿಲ್ಲ.

ಮುಂದೆ ಮೂವತ್ತು ವರ್ಷ ಮಿಸ್ತ್ರಿತನ ಮಾಡಿದೆ. ಓಡಿಸುವವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅವನ ಮಾತು ಪೂರ್ತಿ ಕೇಳದೆ ಒಂದು ದಿನವೂ ಬಾನೆಟ್ ಎತ್ತಲಿಲ್ಲ.