ಕಣ್ಣಿಗೊತ್ತಿಕೊಂಡ ಸೂಜಿ

ಅದು ಭಾನುವಾರ ಬೆಳಿಗ್ಗೆ. ಪೀಣ್ಯ ಎರಡನೇ ಹಂತದಲ್ಲಿ, ನಮ್ಮ ಜಿಮ್ ಟ್ರೈನರ್ ಬಾಡಿಗೆಗಿದ್ದ ಕೋಣೆಯ ಅಡುಗೆಕಟ್ಟೆಯ ಪಕ್ಕ ನಾನು ನಿಂತಿದ್ದೆ.

ಮೈ ಬೆಳೆಸುವ ಸ್ಟೀರಾಯ್ಡ್ ಇಂಜೆಕ್ಷನ್ನನ್ನು ಅವರು ಅಲ್ಲೇ ತಯಾರಿಸುತ್ತಿದ್ದರು. ಪುಡಿ ಎಲ್ಲಿಂದಲೋ ಬರುತ್ತಿತ್ತು, ಎಣ್ಣೆ ಅಂಗಡಿಯದು. ಸ್ನಾನ ಮಾಡದೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಸೀಸೆಗಳನ್ನು ಇಡ್ಲಿ ಪಾತ್ರೆಯಲ್ಲಿ ಬೇಯಿಸುತ್ತಿದ್ದರು. ಯಾರು ಏನು ಕೇಳಿದರೂ ಒಂದೇ ಮಾತು: "ನಮ್ಮನೇದು ಗುರು, ಶುದ್ಧ."

ನನ್ನ ಜೊತೆ ಬಂದಿದ್ದ ಸಿಂಧನೂರಿನ ವೆಲ್ಡರ್ ತಮಾಷೆ ಮಾಡಿದ. "ಇಡ್ಲಿ ಬೆಂದಾವೇನ್ರೀ ಅಣ್ಣಾ? ಚಟ್ನಿ ಎಲ್ಲೈತಿ?"

"ಸುಮ್ನೆ ನಿಂತ್ಕೋ ಮಗಾ. ಮೊದ್ಲು ನಂಗೆ, ಆಮೇಲೆ ನಿಂಗೆ," ಎಂದು ಅವರು ನಕ್ಕರು.

ಸಿರಿಂಜ್ ತುಂಬಿಸಿ, ನಾವು ಫ್ಯಾಕ್ಟರಿಯಲ್ಲಿ ಶಿಫ್ಟ್ ಶುರುವಾಗುವಾಗ ಮೆಷಿನ್ ಮುಟ್ಟಿ ನಮಸ್ಕರಿಸುವಷ್ಟೇ ಭಕ್ತಿಯಿಂದ, ಸೂಜಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ತೊಡೆಗೆ ಚುಚ್ಚಿಕೊಂಡರು. ಹೊಸ ಸೂಜಿ ಹಾಕಿ, ಅದನ್ನೂ ಕಣ್ಣಿಗೊತ್ತಿಕೊಂಡು, ವೆಲ್ಡರನ ತೊಡೆಗೂ ಚುಚ್ಚಿದರು. ನನಗೆ ಹೆದರಿಕೆಯಾಯಿತು. ಮುಂದಿನ ವಾರ ಎಂದೆ. ಅವರು ಬಲವಂತ ಮಾಡಲಿಲ್ಲ.

ವಾರದೊಳಗೆ ಅವರ ತೊಡೆ ಊದಿ ಕೆಂಪಾಯಿತು. ಜ್ವರದಲ್ಲಿ ನಡುಗುತ್ತಲೇ, "ಎಣ್ಣೆ ಗಂಟು ಕಟ್ಟಿದೆ ಅಷ್ಟೇ, ಕರಗುತ್ತೆ ಬಿಡು," ಎಂದು ಬಿಸಿನೀರಿನ ಶಾಖ ಕೊಟ್ಟುಕೊಂಡರು. ಆಸ್ಪತ್ರೆಗೆ ಒಯ್ದಾಗ ನಂಜು ರಕ್ತಕ್ಕೇರಿತ್ತು. ಮರುದಿನ ತೀರಿಕೊಂಡರು. ನಂಜು ಸೀಸೆಯಲ್ಲೇ ಇತ್ತೋ, ಸೂಜಿಗೆ ಅಂಟಿತೋ, ಈಗ ಹೇಳಲಾಗದು ಎಂದರು ಡಾಕ್ಟರು.

ಅಂದು ಅಲ್ಲಿದ್ದ ಮೂವರಲ್ಲಿ ನನ್ನ ಬಿಟ್ಟರೆ ಬದುಕಿರುವುದು ಆ ವೆಲ್ಡರ್ ಒಬ್ಬನೇ. ಕೊಳೆತ ಮಾಂಸ ಕೊಯ್ದು ತೆಗೆದ ಅವನ ತೊಡೆಯಲ್ಲಿ ನಿಂಬೆಹಣ್ಣು ಕೂರುವಷ್ಟು ಗುಂಡಿ ಇದೆ.