ಹುಲಿಕಲ್ ಗುಡ್ಡದಲ್ಲಿ ಓಗೊಟ್ಟ ಕೂ

ಸಾಗರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಹೆಂಗಸರ ಬಟ್ಟೆ ಮಾತ್ರ ಹೊಲಿಯುತ್ತೇನೆ. ರವಿಕೆಯ ಅಳತೆ ಕೊಡಲು ಬಂದವರು ಕೈ ಎತ್ತಿ ನಿಲ್ಲುತ್ತಾರೆಯೇ ಹೊರತು ಬಾಯಿ ಮುಚ್ಚಿ ನಿಲ್ಲುವುದಿಲ್ಲ. ಹಾಗಾಗಿ ಸುತ್ತಮುತ್ತ ಯಾವ ಮರದಲ್ಲಿ ಏನಿದೆ, ಯಾವ ಕೆರೆ ಏರಿಯ ಮೇಲೆ ಯಾರ ಅಜ್ಜಿ ಓಡಾಡುತ್ತಾಳೆ ಎನ್ನುವುದೆಲ್ಲ ನನಗೆ ಬಾಯಿಪಾಠ. ಒಂದನ್ನೂ ನಂಬಿದವಳಲ್ಲ. "ಆ ಅಜ್ಜಿಗೂ ರವಿಕೆ ಬೇಕಿದ್ರೆ ಕಳ್ಸಿ ಮಾರಾಯ್ರೆ, ಅಳತೆ ತಗೊಳ್ತೀನಿ" ಅಂತ ತಮಾಷೆ ಮಾಡುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಹೇಳಲು ಕೂತಿದ್ದೇನೆ. ನೀವು ನಕ್ಕರೆ ನನ್ನ ತಕರಾರಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದಿನ ಬೇಸಿಗೆ. ಗ್ರಹಚಾರ ಕೆಟ್ಟರೆ ಹಗ್ಗವೂ ಹಾವಾಗುತ್ತದೆ ಅಂತಾರಲ್ಲ, ಹಾಗೆ ಆ ಬೇಸಿಗೆಯಲ್ಲಿ ನಾನು ಮುಟ್ಟಿದ್ದೆಲ್ಲ ಕೆಡುತ್ತಿತ್ತು. ಮಾವಿನಹಣ್ಣು ಹಾಕಿ ಮಿಕ್ಸಿ ತಿರುಗಿಸಿದರೆ ಮುಚ್ಚಳ ಹಾರಿ ಗೋಡೆಯೆಲ್ಲ ಹಳದಿ. ಸ್ಕೂಟಿ ಹಿಂದಕ್ಕೆ ತೆಗೆಯಲು ಹೋಗಿ ಅಂಗಡಿ ಎದುರಿನ ಚರಂಡಿಗೆ ಇಳಿಸಿದೆ. ಎತ್ತಲು ಬಂದವರಲ್ಲಿ ಒಬ್ಬರಾದರೂ ನಗದೆ ಇದ್ದರೆ ಕೇಳಿ. ಮಷಿನ್ನಿನ ಸೂಜಿ ಹೆಬ್ಬೆರಳ ಉಗುರಿಗೇ ಹೊಕ್ಕಿತು. ಎಲ್ಲಕ್ಕಿಂತ ದೊಡ್ಡದು, ಮದುವೆ ಸೀಸನ್ನಿನ ಗಡಿಬಿಡಿಯಲ್ಲಿ ಇಬ್ಬರು ಮದುವಣಗಿತ್ತಿಯರ ರವಿಕೆ ಅದಲು ಬದಲು ಮಾಡಿ ಕಳಿಸಿಬಿಟ್ಟೆ. ಒಬ್ಬಳು ಕಡ್ಡಿ, ಇನ್ನೊಬ್ಬಳು ಕಡ್ಡಿಯಲ್ಲ. ಇಷ್ಟು ಹೇಳಿದರೆ ಸಾಕು.

ಭಾನುವಾರ ಅಂಗಡಿಗೆ ಬೀಗ. ಅವತ್ತು ಬೆಳಿಗ್ಗೆ ಬಸ್ಸು ಹತ್ತಿ ಹೊಸನಗರಕ್ಕೆ, ಅಕ್ಕನ ಮನೆಗೆ ಹೋಗುತ್ತಿದ್ದೆ. ಅಲ್ಲಿಂದ ಬಾವನ ಹಳೇ ಕಾರಿನಲ್ಲಿ ಮೂವರೂ ಯಾವುದಾದರೂ ಗುಡ್ಡಕ್ಕೆ. ಇದು ಅಕ್ಕನದೇ ಯೋಚನೆ. ನಮಗ್ಯಾರಿಗೂ ಗುಡ್ಡ ಹತ್ತುವ ಹುಚ್ಚಿರಲಿಲ್ಲ. ಬಾವನಿಗಂತೂ ತಮ್ಮ ಗೊಬ್ಬರದ ಅಂಗಡಿಯ ಮೆಟ್ಟಿಲು ಹತ್ತಿದರೇ ಮಂಡಿ ನೋವು. ಆದರೂ ಅಕ್ಕ ಹೇಳಿದಳು ಅಂತ ಹೊರಡುತ್ತಿದ್ದೆವು. ಯಾಕೆ ಅಂತ ಹೇಳುತ್ತೇನೆ.

ಆ ವರ್ಷ ಬೇಸಿಗೆಗೆ ಮುಂಚೆ ಅಕ್ಕನಿಗೆ ಥೈರಾಯ್ಡ್ ಗಡ್ಡೆಯ ಆಪರೇಷನ್ ಆಗಿತ್ತು. ಗಡ್ಡೆ ದನಿಯ ನರಕ್ಕೇ ಅಂಟಿಕೊಂಡಿದೆ, ಏನೂ ಹೇಳಲಿಕ್ಕಾಗದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಗಡ್ಡೆ ಹೋಯಿತು, ಜೊತೆಗೆ ದನಿಯೂ ಹೋಯಿತು. ಪಿಸುಮಾತು ಬಿಟ್ಟರೆ ಬೇರೇನೂ ಹೊರಡುತ್ತಿರಲಿಲ್ಲ. ಬರಬಹುದು, ಬರದೆಯೂ ಇರಬಹುದು, ಕಾಯಬೇಕು ಅಂದಿದ್ದರು. ಅಕ್ಕನ ದನಿ ಎಂಥದ್ದು ಅಂತ ನಿಮಗೆ ಗೊತ್ತಿಲ್ಲ. ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿ ಅವಳು ಅಂಗಳದಲ್ಲಿ ನಿಂತು ಬೈದರೆ ಗದ್ದೆಯಾಚೆ ಮನೆಯವರು ತಮಗೇ ಬೈದಳೆಂದು ಹೊರಗೆ ಬರುತ್ತಿದ್ದರು. ಅಂಥವಳು ಈಗ ಫೋನು ಎತ್ತುವುದು ಬಿಟ್ಟಳು. ಮದುವೆ ಮನೆಗೆ ಹೋಗುವುದು ಬಿಟ್ಟಳು. "ಏನಂದ್ರಿ, ಏನಂದ್ರಿ" ಅಂತ ಜನ ಕಿವಿ ಮುಂದೆ ಮಾಡುವುದು ಅವಳಿಗೆ ಸಹಿಸಲಾಗುತ್ತಿರಲಿಲ್ಲ. "ಗುಡ್ಡಕ್ಕೆ ಹೋಗೋಣ, ಅಲ್ಲಿ ಮಾತಾಡೋ ಕೆಲ್ಸ ಇಲ್ಲ" ಅಂತ ಒಂದು ದಿನ ಪಿಸುಗುಟ್ಟಿದಳು. ಇವಳು ಹೀಗೇ ಒಳಗೊಳಗೇ ಮುದುಡಿ ಹೋಗುತ್ತಾಳೇನೋ ಅನ್ನುವ ಹೆದರಿಕೆ ನನಗೂ ಬಾವನಿಗೂ ಇತ್ತು. ಬೆಟ್ಟ ಹತ್ತಿದರೆ ಅವಳು ಉಳಿಯುತ್ತಾಳೆ ಅಂದರೆ ಬೆಟ್ಟವೇ ಸೈ.

ಮೊದಲು ಕವಲೇದುರ್ಗಕ್ಕೆ ಹೋದೆವು. ಅಲ್ಲಿ ನನ್ನ ಚಪ್ಪಲಿಯ ಬಾರು ಕಿತ್ತು, ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತಾ ಇಳಿದೆ. ಬಾವ ಕೀಲಿಯನ್ನು ಕಾರಿನ ಒಳಗೇ ಬಿಟ್ಟು ಬಾಗಿಲು ಹಾಕಿದ್ದರು. ಮತ್ತೊಂದು ಭಾನುವಾರ ನಾವು ಕಟ್ಟಿಕೊಂಡು ಹೋದ ಚಿತ್ರಾನ್ನವನ್ನು ಮಂಗಗಳು ಉಂಡವು, ನಾವು ರಿಪ್ಪನ್‌ಪೇಟೆಗೆ ಬಂದು ಹೋಟೆಲಿನಲ್ಲಿ ಉಂಡೆವು. ಅಕ್ಕ ಇದಕ್ಕೆಲ್ಲ ನಗುತ್ತಿದ್ದಳು. ಸದ್ದಿಲ್ಲದ ನಗು, ಹೆಗಲು ಮಾತ್ರ ಕುಲುಕುತ್ತಿತ್ತು.

ಹುಲಿಕಲ್ಲಿಗೆ ಹೋದದ್ದು ಬೇಸಿಗೆಯ ಕೊನೆಗೆ. ನಗರ ಅನ್ನುವ ಊರು ದಾಟಿ, ಘಾಟಿ ಇಳಿಯುವುದಕ್ಕೆ ಮೊದಲು ರಸ್ತೆ ಬದಿ ಕಾರು ನಿಲ್ಲಿಸಿ, ಒಂದು ಹುಲ್ಲಿನ ಗುಡ್ಡ ಹತ್ತಿದೆವು. ಬಾವ ಅರ್ಧ ದಾರಿಯಲ್ಲೇ "ನೀವು ಹೋಗಿ ಬನ್ನಿ, ನಾ ಕಾರಲ್ಲಿ ಕೂತಿರ್ತೀನಿ" ಅಂತ ವಾಪಸಾದರು. ನಾನೂ ಅಕ್ಕನೂ ನೆತ್ತಿಗೆ ಹೋದೆವು. ಮಧ್ಯಾಹ್ನ ಕಳೆದಿತ್ತು, ಮಳೆ ಇರಲಿಲ್ಲ, ಬಿಸಿಲೂ ಇರಲಿಲ್ಲ. ಎಲ್ಲಿಯೂ ಸಿಗದ ಸಿಗ್ನಲ್ ಆ ನೆತ್ತಿಯಲ್ಲಿ ಸಿಕ್ಕಿತು ನೋಡಿ, ನನ್ನ ಫೋನು ಹೊಡೆದುಕೊಂಡಿತು. ಕಡ್ಡಿಯಂಥ ಮದುಮಗಳ ತಾಯಿ! ನಾನು ಗಾಳಿಗೆ ಬೆನ್ನು ಮಾಡಿ ನಿಂತು, ಹೌದಮ್ಮ, ತಪ್ಪಾಯ್ತಮ್ಮ, ನಾಳೆನೇ ಸರಿ ಮಾಡಿ ಕೊಡ್ತೀನಮ್ಮ ಅಂತ ಗೋಗರೆದು ಮುಗಿಸಿ ತಿರುಗುವಷ್ಟರಲ್ಲಿ ಅಕ್ಕ ಇರಲಿಲ್ಲ. ಗುಡ್ಡವೂ ಇರಲಿಲ್ಲ. ಘಾಟಿಯ ಕಡೆಯಿಂದ ಮಂಜು ಎದ್ದು ಎಲ್ಲವನ್ನೂ ಮುಚ್ಚಿಬಿಟ್ಟಿತ್ತು. ನನ್ನ ಕಾಲ ಕೆಳಗಿನ ಹುಲ್ಲು ಮಾತ್ರ ಕಾಣುತ್ತಿತ್ತು.

ಅಕ್ಕ ತನ್ನ ಫೋನನ್ನು ಕಾರಲ್ಲೇ ಬಿಟ್ಟಿದ್ದಳು. ಆ ಗುಡ್ಡದ ಎಡಕ್ಕೆ ಸ್ವಲ್ಪ ದೂರ ಹೋದರೆ ನೇರ ಪ್ರಪಾತ, ಹತ್ತುವಾಗಲೇ ನೋಡಿದ್ದೆ. ಕಾಲುದಾರಿ ಹೋಗುವುದೂ ಅತ್ತಲೇ.

ನಮ್ಮ ಕಡೆ ಕಾಡು ಗುಡ್ಡದಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಕೂ ಹಾಕುತ್ತೇವೆ. ಕೇಳಿಸಿಕೊಂಡವರು ತಿರುಗಿ ಕೂ ಹಾಕಿ ಓಗೊಡುತ್ತಾರೆ, ದನಿ ಬಂದ ದಿಕ್ಕಿಗೆ ಹೋಗುವುದು. ಒಬ್ಬೊಬ್ಬರ ಕೂ ಒಂದೊಂದು ಥರ, ಯಾರದೆಂದು ಕೇಳಿದೊಡನೆ ಗೊತ್ತಾಗುತ್ತದೆ. ಚಿಕ್ಕಂದಿನಲ್ಲಿ ಸೊಪ್ಪಿಗೆ, ಸೌದೆಗೆ ಹೋದಾಗಿನಿಂದ ರೂಢಿಯಾದದ್ದು. ಹಾಗಾಗಿ ನಾನು ಯೋಚನೆಯನ್ನೇ ಮಾಡದೆ, ಎರಡೂ ಕೈ ಬಾಯಿಗೆ ಹಿಡಿದು, ಕೂ ಅಂದೆ.

ಬಲಗಡೆ, ತಗ್ಗಿನಿಂದ, ಓಗೊಟ್ಟ ಕೂ ಬಂತು.

ಅಕ್ಕನದೇ. ಉದ್ದಕ್ಕೆ ಎಳೆದು ಕೊನೆಯಲ್ಲಿ ಒಂದು ಸಲ ಮೇಲೆ ಮುರಿಯುವುದು ಅವಳ ರೀತಿ. ನಮ್ಮೂರಲ್ಲಿ ಇನ್ನೊಬ್ಬರಿಗೆ ಅದು ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. ಅಬ್ಬ, ಸಿಕ್ಕಳು ಅಂದುಕೊಂಡು ಬಲಕ್ಕೆ ಇಳಿದೆ. ನಂಬಿ, ಆ ಹೊತ್ತಿಗೆ ಅವಳಿಗೆ ದನಿಯೇ ಇಲ್ಲ ಎನ್ನುವುದು ನನಗೆ ಹೊಳೆಯಲೇ ಇಲ್ಲ. ಕೂ ಅಂದಾಗ ಓಗೊಡುವುದು, ಓಗೊಟ್ಟ ಕಡೆ ಹೋಗುವುದು, ಇದಕ್ಕೆಲ್ಲ ತಲೆ ಬೇಕಾಗುವುದಿಲ್ಲ. ಕಾಲು ತಾನೇ ಹೋಗುತ್ತದೆ. ಮತ್ತೆ ಕೂ ಹಾಕಿದೆ, ಮತ್ತೆ ಬಂತು, ಈ ಸಲ ಇನ್ನೂ ಸ್ವಲ್ಪ ಕೆಳಗಿನಿಂದ. ಒಂದೆರಡು ಸಲ ನಾನು ಕರೆಯುವ ಮೊದಲೇ ಬಂತು. ಇವಳ್ಯಾಕೆ ಒಂದು ಕಡೆ ನಿಲ್ಲದೆ ಓಡಾಡ್ತಿದಾಳೆ ಅಂತ ಸಿಟ್ಟೂ ಬಂತು.

ಹುಲ್ಲು ಮುಗಿದು ಮರ ಶುರುವಾಗುವ ಅಂಚಿನಲ್ಲಿ ಅಕ್ಕ ಸಿಕ್ಕಳು. ಜಾರಿ ಬಿದ್ದು, ಎರಡು ಕಲ್ಲಿನ ನಡುವೆ ಪಾದ ಸಿಕ್ಕಿಕೊಂಡು ಕೂತಿದ್ದಳು. ಕೈಯಲ್ಲೊಂದು ಕಲ್ಲು ಹಿಡಿದು ಬಂಡೆಗೆ ಕುಟ್ಟುತ್ತಿದ್ದಳು. ಆ ಸದ್ದು ಹತ್ತಿರ ಹೋಗುವ ತನಕ ನನಗೆ ಕೇಳಿಸಿರಲಿಲ್ಲ. ನಾನು ಹೋದವಳೇ ಬೈಯಲು ಶುರು ಮಾಡಿದೆ.

"ಎಂಥದೇ ಮಾರಾಯ್ತಿ ನಿಂದು? ಕೂತಲ್ಲೇ ಕೂತು ಕೂಗಕ್ಕೆ ಆಗ್ತಿರ್ಲಿಲ್ವ?"

ಅಕ್ಕ ನನ್ನ ಮುಖ ನೋಡಿದಳು. ಕಣ್ಣಲ್ಲಿ ನೀರಿತ್ತು. ಕಾಲು ನೋವಿಗೆ ಅಂದುಕೊಂಡೆ. ಅವಳು ಪಿಸುಗುಟ್ಟಿದ್ದು ಇಷ್ಟು: "ನೀನು ಕೂಗು, ಬೇಡ ಅನ್ನಲ್ಲ. ನನ್ನ ಥರ ಯಾಕೆ ಕೂಗ್ದೆ? ಅಣಕಿಸಕ್ಕೆ ಇದೇ ಹೊತ್ತು ಸಿಕ್ತಾ ನಿಂಗೆ?"

ಆಗ ನನಗೆ ಹೊಳೆಯಿತು. ಇವಳಿಗೆ ಕೂ ಹಾಕಲು ದನಿಯೇ ಇಲ್ಲವಲ್ಲ. ಅಕ್ಕನೂ ಅದನ್ನು ಕೇಳಿದ್ದಳು. ಒಮ್ಮೆ ನನ್ನ ಕೂ, ಅದರ ಹಿಂದೆಯೇ ಅವಳ ಕೂ. ಅವಳ ಲೆಕ್ಕದಲ್ಲಿ ಎರಡನ್ನೂ ಹಾಕಿದವಳು ನಾನು. ಇಲ್ಲ ಕಣೇ, ನಾನಲ್ಲ ಅಂದರೆ ನಂಬಲಿಲ್ಲ. ಕಲ್ಲು ಸರಿಸಿ ಪಾದ ಬಿಡಿಸಿದೆ, ಆದರೂ ನನ್ನ ಕೈ ಹಿಡಿಯದೆ ತಾನೇ ಬಂಡೆ ಹಿಡಿದು ಎದ್ದಳು. ನಡೆಯಲಾಗದೆ ಕೊನೆಗೆ ನನ್ನ ಹೆಗಲು ಹಿಡಿದೇ ಮಂಜಿನಲ್ಲಿ ಇಳಿದಳು, ಮುಖ ಮಾತ್ರ ಅತ್ತ ತಿರುಗಿಸಿಕೊಂಡು. ನನಗೆ ಹಿಂದೆ ತಿರುಗಿ ನೋಡುವ ಧೈರ್ಯವಿರಲಿಲ್ಲ.

ರಸ್ತೆಯ ಹತ್ತಿರ ಬಂದಾಗ ಬಾವ ಆ ಮಂಡಿ ನೋವು ಇಟ್ಟುಕೊಂಡು ನಮ್ಮೆದುರಿಗೆ ಓಡಿ ಬಂದರು. ಮನುಷ್ಯ ಅಳುತ್ತಿದ್ದರು, ನಗುತ್ತಲೂ ಇದ್ದರು. ಅಕ್ಕ ಕುಂಟುತ್ತಿದ್ದದ್ದನ್ನೂ ನೋಡಲಿಲ್ಲ. ಅವಳ ಎರಡೂ ಕೈ ಹಿಡಿದುಕೊಂಡು, "ಬಂತಲ್ಲೇ! ದನಿ ಬಂತಲ್ಲೇ ನಿಂದು! ಇಲ್ಲಿ ತನ್ಕ ಕೇಳ್ತು!" ಅಂದರು.

ಅಕ್ಕ ತಲೆಯಾಡಿಸಿದಳು. ಇಲ್ಲ ಅಂತ ಹೇಳಲು ಬಾಯಿ ತೆರೆದಳು, ಬರೀ ಗಾಳಿ ಹೊರಟಿತು. ಬಾವನ ಮುಖ ಆಗ ಹೇಗಾಯಿತು ಅಂತ ಬರೆಯಲು ನನಗೆ ಇಷ್ಟವಿಲ್ಲ. ನಾನು ಅವರಿಬ್ಬರನ್ನೂ ಬಿಟ್ಟು ಕಾರಿನಲ್ಲಿ ಹೋಗಿ ಕೂತೆ.

ಆಮೇಲೆ ನಾನೂ ಬಾವನೂ ಇದಕ್ಕೆ ಕಾರಣ ಹುಡುಕಿದ್ದು ಅಷ್ಟಿಷ್ಟಲ್ಲ. ಬಾವ ಮಾರ್ದನಿ ಅಂದರು, ಈಗಲೂ ಅದನ್ನೇ ಹೇಳುತ್ತಾರೆ, ಪಾಪ. ಮಾರ್ದನಿಯಾದರೆ ನನ್ನ ಕೂ ನನ್ನ ಹಾಗೇ ವಾಪಸು ಬರಬೇಕಲ್ಲ. ನಾನು ಕರೆಯುವ ಮೊದಲೇ ಬರುವ ಮಾರ್ದನಿ ಯಾವುದು? ಹಕ್ಕಿ ಅಂದುಕೊಂಡೆ. ಆ ಕಾಡಿನಲ್ಲಿ ಬೇಕಾದಷ್ಟು ಥರ ಕೂಗುವ ಹಕ್ಕಿಗಳಿವೆ, ಆದರೆ ಹೆಂಡತಿಯ ದನಿಗೂ ಹಕ್ಕಿಯ ದನಿಗೂ ವ್ಯತ್ಯಾಸ ತಿಳಿಯದಷ್ಟು ಬಾವನ ಕಿವಿ ಕೆಟ್ಟಿಲ್ಲ. ಬೇರೆ ಯಾರೋ ಗುಡ್ಡ ಹತ್ತಿದ್ದರೇನೋ ಅಂದರೆ, ರಸ್ತೆಯಲ್ಲಿ ನಮ್ಮದು ಬಿಟ್ಟು ಬೇರೆ ಗಾಡಿಯೇ ಇರಲಿಲ್ಲ. ಇದ್ದರು ಅಂತಲೇ ಇಟ್ಟುಕೊಳ್ಳೋಣ, ಅವರಿಗೆ ನಮ್ಮಕ್ಕನ ಕೂ ಕಲಿಸಿದವರು ಯಾರು?

ಅಕ್ಕ ಮಾತ್ರ ಬಹಳ ದಿನ ನನ್ನ ಮೇಲೇ ಸಿಟ್ಟು ಇಟ್ಟುಕೊಂಡಿದ್ದಳು. ಹೊಸನಗರಕ್ಕೆ ಹೋದರೆ ಕಾಫಿ ಕೊಡುತ್ತಿದ್ದಳು, ಮುಖ ಕೊಡುತ್ತಿರಲಿಲ್ಲ. ಮಳೆಗಾಲ ಕಳೆದ ಮೇಲೆ ಡಾಕ್ಟರು ಮತ್ತೆ ನೋಡಿ, ದನಿ ಇನ್ನು ಬರುವುದಿಲ್ಲ ಅಂದರು. ಅವತ್ತು ಸಂಜೆ ಅವಳೇ ಬಸ್ಸು ಹತ್ತಿ ಸಾಗರಕ್ಕೆ ಬಂದಳು. ನಾನು ಗುಂಡಿಗೆ ಕಾಜ ಹೊಲಿಯುತ್ತಾ ಕೂತಿದ್ದೆ. ಎದುರಿಗೆ ಸ್ಟೂಲು ಎಳೆದುಕೊಂಡು ಕೂತು, ನನ್ನ ಕೈ ಹಿಡಿದು ಪಿಸುಗುಟ್ಟಿದಳು.

"ಆಣೆ ಮಾಡು. ಅವತ್ತು ನನ್ನ ಥರ ಕೂಗಿದ್ದು ನೀನಲ್ಲ ತಾನೆ?"

"ನಿನ್ನಾಣೆಗೂ ನಾನಲ್ಲ ಕಣೇ."

ಅಕ್ಕ ಉಸಿರು ಬಿಟ್ಟಳು. ಅಷ್ಟು ದಿನ ನಾನಲ್ಲ ಅಂದಾಗ ಸಿಡಿಯುತ್ತಿದ್ದವಳ ಮುಖ ಅವತ್ತು ಹಗುರವಾಯಿತು. "ಹಂಗಾದ್ರೆ ನನ್ನ ದನಿ ಎಲ್ಲೋ ಇದೆ ಅಂತಾಯ್ತು" ಅಂದಳು.

ನಂಬದವಳು ನಾನು, ಬಿಟ್ಟ ಕಾಜಕ್ಕೆ ಮತ್ತೆ ಸೂಜಿ ಹಾಕಿದೆ. ಮುಂದಿನ ಭಾನುವಾರ ಮತ್ತೆ ಹುಲಿಕಲ್ಲಿಗೆ ಹೋದೆವು, ಬಾವ ಕಾರಿನಲ್ಲಿ ಕೂತರು. ಅವತ್ತು ಮಂಜಿರಲಿಲ್ಲ, ಆಕಾಶ ತೊಳೆದಿಟ್ಟ ಹಾಗಿತ್ತು. ನೆತ್ತಿಯ ಮೇಲೆ ಅಕ್ಕ ನನ್ನ ಬೆನ್ನಿಗೊಮ್ಮೆ ತಟ್ಟಿದಳು. ನಾನು ಕೂ ಹಾಕಿದೆ. ಅಕ್ಕ ಸೆರಗು ಸರಿಸಿ ಕಿವಿ ಅತ್ತ ಕೊಟ್ಟಳು. ಏನೂ ಬರಲಿಲ್ಲ, ಬಾವ ಹೇಳುವ ಮಾರ್ದನಿಯೂ ಬರಲಿಲ್ಲ. "ಇನ್ನೊಂದ್ಸಲ" ಅಂದಳು. ಹಾಕಿದೆ. ಇನ್ನೊಂದ್ಸಲ. ಇನ್ನೊಂದ್ಸಲ. ಅವಳು ಕಿವಿ ಕೊಟ್ಟೇ ನಿಂತಿದ್ದಳು. ಬಿಸಿಲು ಇಳಿಯುವ ತನಕ ನಾನು ಆ ಗುಡ್ಡದ ನಾಲ್ಕೂ ಕಡೆಗೆ ಕೂಗಿದೆ.

ಕೆಳಗೆ ಬಂದಾಗ ಬಾವ ಕಾರಿನ ಬಾಗಿಲು ತೆಗೆದು, ಏನಾಯ್ತು ಅಂತ ಕೇಳಿದರು. ಅಕ್ಕ ನನ್ನ ಮುಖ ನೋಡಿದಳು, ನೀನೇ ಹೇಳು ಅನ್ನುವ ಹಾಗೆ. ನಾನು ಬಾಯಿ ತೆರೆದೆ. ಕೂಗಿ ಕೂಗಿ ಗಂಟಲು ಪೂರ್ತಿ ಕೂತಿತ್ತು, ಒಂದು ಅಕ್ಷರವೂ ಹೊರಡಲಿಲ್ಲ. ಬಾವ ಇಬ್ಬರನ್ನೂ ಒಂದೊಂದು ಸಲ ನೋಡಿ ಗಾಡಿ ಸ್ಟಾರ್ಟ್ ಮಾಡಿದರು.